ಆಡಲ್‌ಸ್ಟ್ರಾಪ್ ಬಿಟ್ಟಿದ್ದೇಕೆ?

ಮಾನ್ಯರೇ,

ಬ್ರಿಟನ್ನಿನ ಚಿತ್ರವಿಚಿತ್ರ ಊರ ಹೆಸರುಗಳ ಮೇಲಿನ ಚುಟುಕಗಳು (ಭಾನುವಾರದ ಪುರವಣಿ) ಮಜವಾಗಿದ್ದವು. ಗ್ರೇಟ್ ಸ್ನೋರಿಂಗ್, ನೆದರ್ ವಾಲಪ್ ಎಂದರೆ ಯಾರಿಗಾದರೂ ನಗು ಬರುವುದೇ. ಆದರೆ ಬರೀ ನಗಿಸುವ ಹೆಸರುಗಳನ್ನೇ ಆರಿಸಿದ್ದು ಸರಿಯೆನಿಸಲಿಲ್ಲ. ಇಂಗ್ಲಿಷ್ ಕವಿ ಎಡ್ವರ್ಡ್ ಥಾಮಸ್ ಅವರ ‘ಆಡಲ್‌ಸ್ಟ್ರಾಪ್’ ಪದ್ಯ ಇರಲೇಬೇಕಿತ್ತು.

1914ರ ಜೂನ್‌ನಲ್ಲಿ ಅವರ ರೈಲು ಗ್ಲಾಸ್ಟರ್‌ಶೈರ್‌ನ ಆ ಹೆಸರಿನ ಪುಟ್ಟ ನಿಲ್ದಾಣದಲ್ಲಿ ನಿಂತಿತ್ತು. ಪದ್ಯದಲ್ಲಿ ಹತ್ತುವವರಿಲ್ಲ, ಇಳಿಯುವವರಿಲ್ಲ. ಯಾರೋ ಗಂಟಲು ಸರಿಮಾಡಿಕೊಳ್ಳುತ್ತಾರೆ, ಹಕ್ಕಿ ಹಾಡುತ್ತದೆ. ಕವಿ ಕಂಡದ್ದು ಊರ ಹೆಸರಷ್ಟೇ. ಅದರಲ್ಲೇ 16 ಸಾಲು! 1917ರಲ್ಲಿ ಅವರು ಯುದ್ಧದಲ್ಲಿ ಮಡಿದರು, 1966ರಲ್ಲಿ ನಿಲ್ದಾಣವೂ ಮುಚ್ಚಿತು. ಅದರ ನಾಮಫಲಕ ಈಗ ಊರಿನ ಬಸ್ ತಂಗುದಾಣದಲ್ಲಿದೆ (ನಮ್ಮಲ್ಲಾಗಿದ್ದರೆ ಗುಜರಿ ಸೇರುತ್ತಿತ್ತೇನೋ).

ಮುಂದಿನ ಕಂತಿನಲ್ಲಾದರೂ ಯಾರಿಂದಲಾದರೂ ಒಳ್ಳೆಯ ಅನುವಾದ ಮಾಡಿಸಿ ಪ್ರಕಟಿಸಿ.

– ಓರ್ವ ಓದುಗ, ಮೈಸೂರು