ಡ್ರ್ಯಾಗನ್ ಹಣ್ಣು ಬಯಲ ಕಳ್ಳಿಯಲ್ಲ

ಮಾನ್ಯರೇ,

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಡ್ರ್ಯಾಗನ್ ಹಣ್ಣು ಹಾಕುವವರು ‘ಕಳ್ಳಿ ಜಾತಿ, ಏನೂ ಆಗಲ್ಲ’ ಎಂದು ನಂಬಿ ನಷ್ಟಪಡುತ್ತಿದ್ದಾರೆ. ಇದು ಕಳ್ಳಿ ಜಾತಿಯೇ ಆದರೂ, ಮಧ್ಯ ಅಮೆರಿಕದ ಕಾಡಿನಲ್ಲಿ ಮರ ಹತ್ತುವ ಬಳ್ಳಿ. ಅದಕ್ಕೇ ಏಪ್ರಿಲ್ ಬಿಸಿಲಿಗೆ ಕಾಂಡ ಹಳದಿ ತಿರುಗಿ ಬೇಯುತ್ತದೆ. ನೆರಳು ಪರದೆ ಬೇಕು. ನೀರು ನಿಂತರೆ ಬುಡ ಕೊಳೆಯುತ್ತದೆ, ಏರುಮಡಿ ಮಾಡಲೇಬೇಕು. ಕತ್ತರಿಸಿದ ಕಾಂಡದ ತುಂಡನ್ನು ಅಂದೇ ನೆಡದೆ, ಗಾಯ ಒಣಗಲು 5–7 ದಿನ ನೆರಳಲ್ಲಿಡಿ. ಬಳ್ಳಿ ಹತ್ತಲು 7 ಅಡಿ ಕಲ್ಲುಕಂಬವನ್ನು 2 ಅಡಿ ನೆಲದೊಳಗೆ ಹೂತು, ಸುತ್ತ 4 ಸಸಿ ನೆಡಿ.

ಹೂ ಅರಳಿಯೂ ಕಾಯಿ ಕಚ್ಚದಿದ್ದರೆ ಗೊಬ್ಬರ ಸುರಿಯಬೇಡಿ. ಕೆಲವು ಕೆಂಪು ತಿರುಳಿನ ತಳಿಗಳಿಗೆ ಬೇರೆ ತಳಿಯ ಪರಾಗವೇ ಬೇಕು. ಹೂ ಅರಳುವುದು ರಾತ್ರಿ. ಆಗಲೇ ಕುಂಚದಿಂದ ಪರಾಗ ಮುಟ್ಟಿಸಬೇಕು. ಹಾಗಾಗಿ ನರ್ಸರಿಗಳು ತಳಿಯ ಹೆಸರನ್ನು ರಸೀದಿಯಲ್ಲಿ ಬರೆದುಕೊಡುವುದನ್ನು ತೋಟಗಾರಿಕೆ ಇಲಾಖೆ ಕಡ್ಡಾಯ ಮಾಡಲಿ.

– ಡ್ರ್ಯಾಗನ್ ಹಣ್ಣು ಬೆಳೆಗಾರರು, ಚಿಂತಾಮಣಿ