ಮಗಳಿಗೊಂದು ಪತ್ರ: ಬ್ಯಾಂಕಿನವರು ಬೆಲೆ ಕಮ್ಮಿ ಕಟ್ಟಿದಾಗ

ಮೈಸೂರು, ಭಾನುವಾರ

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಅತ್ತಿದ್ದಕ್ಕೆ ನಿಮ್ಮಪ್ಪ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ನಾನು ಮಾಡಿದೆ. ಬ್ಯಾಂಕಿನ ಸಾಲದ ವಿಭಾಗದಲ್ಲಿ 22 ವರ್ಷ ಕೂತವಳಿಗೆ ಇದು ಹೊಸದಲ್ಲ. 90 ಲಕ್ಷಕ್ಕೆ ಮಾತಾದ ಫ್ಲ್ಯಾಟಿಗೆ, ಬೆಲೆ ಕಟ್ಟೋಕೆ ಬ್ಯಾಂಕ್ ಕಳಿಸಿದ ವ್ಯಾಲ್ಯುವರ್ 80 ಬರೆದಿದ್ದಾನೆ, ಅಷ್ಟೇ ತಾನೆ?

ಮೊದಲು ಲೆಕ್ಕ ನೋಡು. ಸಾಲ 30 ಲಕ್ಷ ದಾಟಿ 75ರ ಒಳಗಿದ್ದರೆ, ಮನೆ ಬೆಲೆಯ ಶೇ. 80ಕ್ಕಿಂತ ಜಾಸ್ತಿ ಕೊಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮ. ಅಗ್ರಿಮೆಂಟಿನ ಬೆಲೆ, ವ್ಯಾಲ್ಯುವರ್ ಕಟ್ಟಿದ ಬೆಲೆ, ಎರಡರಲ್ಲಿ ಕಮ್ಮಿ ಇದ್ದದ್ದನ್ನೇ ಬ್ಯಾಂಕಿನವರು ಸಾಮಾನ್ಯವಾಗಿ ಹಿಡಿಯುತ್ತಾರೆ. ನೀನು ನೆಚ್ಚಿಕೊಂಡಿದ್ದು 72 ಲಕ್ಷ, ಸಿಗೋದು 64. ಕೈಯಿಂದ 8 ಲಕ್ಷ ಹೆಚ್ಚಿಗೆ ಬೇಕು. ಸ್ಟಾಂಪ್ ಡ್ಯೂಟಿ, ನೋಂದಣಿ ಖರ್ಚು ಇದರ ಮೇಲೆ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 1 ಇದ್ದದ್ದು 2 ಆಗಿದೆ. ನೀನು ಹಳೇ ಲೆಕ್ಕದಲ್ಲೇ ಇದ್ದೀಯ ಅಂತ ನನಗೆ ಅನುಮಾನ.

ಆ ರಿಪೋರ್ಟಿನ ಪ್ರತಿ ಕೇಳಿ ಇಸ್ಕೋ. ಫೀಸು ಕಟ್ಟಿದವಳು ನೀನು, ಸಂಕೋಚ ಯಾಕೆ? ಬೆಲೆಗಿಂತ ಮೊದಲು ಅಳತೆ ನೋಡು. ಬ್ರೋಕರ್ ಹೇಳಿದ್ದು ಮೆಟ್ಟಿಲು, ಲಿಫ್ಟಿನ ಪಾಲೂ ಸೇರಿದ ಸೂಪರ್ ಬಿಲ್ಟ್‌ಅಪ್ ಇರಬಹುದು, ವ್ಯಾಲ್ಯುವರ್ ಹಿಡಿದದ್ದು ಮನೆಯೊಳಗಿನ ನೆಲದ ಅಳತೆ, ಅಂದರೆ ಕಾರ್ಪೆಟ್ ಏರಿಯಾ. ಕಾರ್ ಪಾರ್ಕಿಂಗ್ ಬಿಟ್ಟಿದ್ದಾನಾ? ಕಟ್ಟಡದ ವಯಸ್ಸು ಸರಿ ಇದೆಯಾ? ಒಮ್ಮೆ ನನ್ನ ಮೇಜಿಗೆ ಮೂರು ಬೆಡ್‌ರೂಮಿನ ಮನೆ ಎರಡಾಗಿ ಬಂದಿತ್ತು. ವ್ಯಾಲ್ಯುವರ್ ಹೋದಾಗ ಒಂದು ರೂಮಿನಲ್ಲಿ ಓನರ್ ಅತ್ತೆ ಬಾಗಿಲು ಹಾಕಿಕೊಂಡು ಮಲಗಿದ್ದರಂತೆ!

ತಪ್ಪು ಸಿಕ್ಕರೆ ಬ್ರಾಂಚಿಗೆ ಬರೆದು ಕೊಡು. ಅದೇ ಅಪಾರ್ಟ್‌ಮೆಂಟಿನಲ್ಲಿ ಈಚೆಗೆ ಮಾರಾಟವಾದ ಮನೆಯ ಕ್ರಯಪತ್ರದ ನಕಲೂ ಜೊತೆಗಿರಲಿ. ವುಡ್‌ವರ್ಕ್ ಚೆನ್ನಾಗಿದೆ ಅಂತ ಮಾತ್ರ ವಾದಕ್ಕೆ ಇಳಿಯಬೇಡ. ಅದಕ್ಕೆ ಮರುಳಾಗಿದ್ದು ನೀನು, ಬ್ಯಾಂಕಲ್ಲ.

ತಪ್ಪೇನೂ ಇಲ್ಲದಿದ್ದರೆ ರಿಪೋರ್ಟನ್ನು ಓನರ್ ಮುಂದೆ ಇಡು. "ಬ್ಯಾಂಕಿನವರಿಗೆ ಏನು ಗೊತ್ತು" ಅನ್ನುತ್ತಾರೆ. ನಾಳೆ ಬರೋ ಗಿರಾಕಿಗೂ ಸಾಲ ಬೇಕಲ್ವಾ, ಅವರ ಬ್ಯಾಂಕೂ ಇದೇ ಹೇಳಿದರೆ ಏನು ಮಾಡ್ತೀರಿ ಅಂತ ಕೇಳು. ಆಮೇಲೆ ಸುಮ್ನೆ ಕೂರು. 10 ಲಕ್ಷ ಪೂರ್ತಿ ಇಳಿಸಲಿಕ್ಕಿಲ್ಲ, ಐದಾದರೂ ಇಳಿದೀತು.

"ಪತ್ರದಲ್ಲಿ 80 ತೋರಿಸಿ, ಉಳಿದದ್ದು ಕ್ಯಾಶ್ ಕೊಡಿ" ಅಂದರೆ ಎದ್ದು ಬಾ. ಆಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಮುಂದೆ ನೀನು ಮಾರುವಾಗಲೂ ಕೊಂಡ ಬೆಲೆ 80 ಅಂತಲೇ ಇರುತ್ತದೆ, ಲಾಭದ ತೆರಿಗೆ ನಿನ್ನ ತಲೆ ಮೇಲೆ. 8 ಲಕ್ಷಕ್ಕೆ ಪರ್ಸನಲ್ ಲೋನ್ ಅಂತೂ ಬೇಡವೇ ಬೇಡ.

ಸಾಲ ಸಾಕಾಗದಿದ್ದರೆ ಅಡ್ವಾನ್ಸ್ ವಾಪಸ್ ಅಂತ ಅಗ್ರಿಮೆಂಟಿನಲ್ಲಿ ಬರೆಸಿದ್ದೀಯಾ? ಇವತ್ತೇ ತೆಗೆದು ನೋಡು.

ನಿಮ್ಮಪ್ಪ ಬೆಳಿಗ್ಗೆಯೇ ಎಫ್‌ಡಿ ರಸೀದಿಗಳನ್ನು ಟೇಬಲ್ ಮೇಲೆ ಇಟ್ಟಿದ್ದರು. ನಾನು ಮತ್ತೆ ಬೀರುವಿನೊಳಗೆ ಇಟ್ಟೆ. ನೀನು ಮೊದಲು ರಿಪೋರ್ಟ್ ಕಳಿಸು. ಎಲ್ಲಾ ಪುಟ, ಫೋಟೋ ಸಮೇತ.

ನಿನ್ನ
ಅಮ್ಮ