ಗೆಳೆಯನಿಗೊಂದು ಪತ್ರ: ಕ್ಯಾಶ್‌ನ ಅಮ್ಮನ ಹಾಡಿನ ಪುಸ್ತಕ

ಗೆಳೆಯಾ,

ಮೊನ್ನೆ ಫೋನಿನಲ್ಲಿ ಅಮೆರಿಕದ ಹಾಡುಗಾರ ಜಾನಿ ಕ್ಯಾಶ್ ಮಾತು ಬಂದಾಗ ನೀನು ನಕ್ಕೆಯಲ್ಲ, "ಜೈಲಿಗೆ ಹೋಗಿ ಹಾಡಿದವನು, ಮಾತ್ರೆ ನುಂಗಿ ನುಂಗಿ ಅರ್ಧ ಜೀವ ಹಾಳು ಮಾಡಿಕೊಂಡವನು, ಕೊನೆಗಾಲಕ್ಕೆ ದೇವರ ಹಾಡು ಹಿಡಿದನಾ?" ಅಂತ. ಆಗ ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ಕ್ಯಾಶ್ ವಿಷಯದಲ್ಲಿ ಲೆಕ್ಕ ಉಲ್ಟಾ ಮಾರಾಯ. 1950ರ ದಶಕದಲ್ಲಿ ಮೆಂಫಿಸ್‌ನ ಸನ್ ರೆಕಾರ್ಡ್ಸ್‌ಗೆ ಹೋದಾಗ ಅವನಿಗೆ ಹಾಡಬೇಕು ಅಂತ ಇದ್ದದ್ದೇ ಗಾಸ್ಪೆಲ್, ಅಂದರೆ ಕ್ರೈಸ್ತ ಭಕ್ತಿಗೀತೆ. ಅದು ಮಾರಾಟವಾಗುವುದಿಲ್ಲ, ಬೇರೆ ಏನಾದರೂ ತಾ ಅಂದ ಅಲ್ಲಿನ ಒಡೆಯ ಸ್ಯಾಮ್ ಫಿಲಿಪ್ಸ್. ಇವನು ಬೇರೆ ತಂದ, ಹೆಸರು ಮಾಡಿದ. ಆದರೆ ಕೊಲಂಬಿಯಾ ಕಂಪನಿಗೆ ಹೋದವನೇ 1959ರಲ್ಲಿ ಭಕ್ತಿಗೀತೆಗಳ ಆಲ್ಬಮ್ ತಂದ. ಫೋಲ್ಸಮ್ ಜೈಲಿನ ಕೈದಿಗಳ ಮುಂದೆ ಹಾಡಿದ ಆಲ್ಬಮ್ ಬಂದದ್ದು 1968ರಲ್ಲಿ!

ನಾನು ಹೇಳಹೊರಟಿದ್ದು ಮಾತ್ರ 2004ರ 'ಮೈ ಮದರ್ಸ್ ಹಿಮ್ ಬುಕ್' (ನನ್ನಮ್ಮನ ಭಕ್ತಿಗೀತೆಗಳ ಪುಸ್ತಕ) ಆಲ್ಬಮ್ ಬಗ್ಗೆ. ಅದು ಹೊರಬರುವಷ್ಟರಲ್ಲಿ ಅವನು ತೀರಿಕೊಂಡು ಏಳು ತಿಂಗಳಾಗಿತ್ತು. ಮಾಡಿಸಿದವನು ರಿಕ್ ರೂಬಿನ್, ರ‍್ಯಾಪ್, ಹೆವಿ ಮೆಟಲ್ ಮಾಡುತ್ತಿದ್ದ ಗಡ್ಡದ ಮನುಷ್ಯ. 15 ಹಳೆಯ ಹಾಡು, ಒಂದು ಗಿಟಾರ್, ಒಂದು ಗಂಟಲು. ಬೇರೇನೂ ಇಲ್ಲ. ತಾನು ಮಾಡಿದ್ದರಲ್ಲೆಲ್ಲ ಇದೇ ತನಗೆ ಇಷ್ಟ ಅಂದಿದ್ದ ಕ್ಯಾಶ್.

ಪುಸ್ತಕ ನಿಜಕ್ಕೂ ಅವನಮ್ಮ ಕ್ಯಾರಿಯದು. ಆರ್ಕನ್ಸಾ ರಾಜ್ಯದ ಡೈಯೆಸ್‌ನಲ್ಲಿ ಹತ್ತಿ ಬೆಳೆಯುವ ಮನೆ. 1944ರಲ್ಲಿ ಅಣ್ಣ ಜ್ಯಾಕ್ ಮರ ಕೊಯ್ಯುವ ಗರಗಸಕ್ಕೆ ಸಿಕ್ಕಿ ಸತ್ತ. ಅವನಿಗೆ 14, ಇವನಿಗೆ 12. ಮಣ್ಣು ಮಾಡಿದ ಮರುದಿನವೇ ಮನೆಮಂದಿಯೆಲ್ಲ ಮತ್ತೆ ಹೊಲದಲ್ಲಿ. ಇದೇ ತಾಯಿ ಬೇರೆಯವರ ಬಟ್ಟೆ ಒಗೆದು ಮಗನ ಹಾಡಿನ ಪಾಠಕ್ಕೆ ದುಡ್ಡು ಹೊಂದಿಸಿದಳು. ಮೂರು ಪಾಠಕ್ಕೇ ಟೀಚರ್, ಈ ದನಿಯನ್ನು ಯಾರೂ ತಿದ್ದುವುದು ಬೇಡ ಅಂತ ವಾಪಸ್ ಕಳಿಸಿದರಂತೆ.

ಆ ದನಿ ಈ ಆಲ್ಬಮ್ಮಿನಲ್ಲಿ ಸವೆದಿದೆ. ಉಸಿರು ಸಾಲದೆ ಹೋಗುವುದು ಕೇಳಿಸುತ್ತದೆ. ಮೊದಲ ಹಾಡೇ 'ವೇರ್ ವಿ'ಲ್ ನೆವರ್ ಗ್ರೋ ಓಲ್ಡ್'. ಮುಪ್ಪೇ ಬಾರದ ಊರಿನ ಮಾತು, ಹಾಡುವವನಿಗೆ ಮಾತ್ರ ಮುಪ್ಪು ಅಡರಿದೆ. ಇದರಲ್ಲೇ ಇರುವ 'ಐ'ಲ್ ಫ್ಲೈ ಅವೇ' ಬರೆದ ಆಲ್ಬರ್ಟ್ ಬ್ರಮ್ಲಿಗೂ ಅದು ಹೊಳೆದದ್ದು ಹತ್ತಿ ಬಿಡಿಸುವಾಗ. ಅಚ್ಚಾದದ್ದು 1932ರಲ್ಲಿ, ಕ್ಯಾಶ್ ಹುಟ್ಟಿದ ವರ್ಷ. ಚಪ್ಪಾಳೆ ತಟ್ಟಿಸುವ ಹಾಡು ಅದು. ಇಲ್ಲಿ ಚಪ್ಪಾಳೆಗೆ ಜನವೇ ಇಲ್ಲ. ನನಗೆ ದೇವರ ಮೇಲೆ ಅಷ್ಟಕ್ಕಷ್ಟೆ ಅಂತ ನಿನಗೆ ಗೊತ್ತು. ಆದರೂ ಎರಡು ಸಲ ಕೇಳಿದೆ.

ಸುಮ್ನೆ ಹೊಗಳುತ್ತಿಲ್ಲ. ಒಂದೇ ಉಸಿರಿಗೆ 15 ಕೇಳಿದರೆ ಜಾಸ್ತಿಯಾಗುತ್ತದೆ, ಹತ್ತು ದಾಟಿದ ಮೇಲೆ ಎಲ್ಲ ಒಂದೇ ಥರ. ನಾಲ್ಕು ಕೇಳು, ನಿಲ್ಲಿಸು.

ಕೊನೆಯ ಹಾಡನ್ನು ಮಾತ್ರ ಬಿಡಬೇಡ. 'ಜಸ್ಟ್ ಆ್ಯಸ್ ಐ ಆ್ಯಮ್'. ನಿಮ್ಮಜ್ಜಿ ಹಪ್ಪಳ ಒಣಹಾಕುತ್ತಾ ಕನ್ನಡದಲ್ಲಿ ಗುನುಗುತ್ತಿದ್ದರಲ್ವಾ, ಅದೇ ಧಾಟಿ. ನನಗೆ ತಟ್ಟನೆ ಗೊತ್ತಾಯಿತು, ಚರ್ಚಿನಲ್ಲೇ ಬೆಳೆದ ನಿನಗೆ ಗೊತ್ತಾಗದೆ ಇರುತ್ತಾ? ಅಜ್ಜಿಯ ಆ ಕಪ್ಪು ರಟ್ಟಿನ ಹಾಡಿನ ಪುಸ್ತಕ ಇನ್ನೂ ಮನೆಯಲ್ಲಿದ್ದರೆ, ಆ ಪುಟದ ಫೋಟೋ ತೆಗೆದು ಕಳಿಸು. ಕನ್ನಡದ ಸಾಲು ಏನಿತ್ತು ಅಂತ ನೋಡಬೇಕು.

ನಿನ್ನವನೇ